ಚಲಿಸುವ ಚಿತ್ರ ಮತ್ತು ಸತ್ಯಶುದ್ಧ ಕಾಯಕ



ಪ್ರೌಢಶಾಲೆಯ ಮಕ್ಕಳಿಗೆ ಆನಿಮೇಷನ್ ಎಂಬ ವಿದ್ಯೆಯನ್ನು, ಎಂದರೆ ಬಿಡಿಬಿಡಿ ಚಿತ್ರಗಳಿಗೆ ಚಲನೆಯನ್ನು ಕೊಡುವ ಕಲೆಯನ್ನೂ, ಅದರ ಜೊತೆಗೆ ಮೊಬೈಲಿನಲ್ಲಿ ಬಳಸುವವರ ಸ್ಪರ್ಶಕ್ಕೆ ಉತ್ತರ ಕೊಡುವ ಆ್ಯಪ್‌ಗಳನ್ನು ರೂಪಿಸುವ ವಿದ್ಯೆಯನ್ನೂ ಕಲಿಸುವುದು ಉಚಿತವೇ ಎಂಬುದು ಈ ಲೇಖನದ ಪ್ರಶ್ನೆ. ಮೇಲ್ನೋಟಕ್ಕೆ ಇದು ಶಿಕ್ಷಣ ಇಲಾಖೆಯವರು ನಿರ್ಣಯಿಸಬೇಕಾದ ಪಠ್ಯಕ್ರಮದ ವಿಷಯವಾಗಿ ತೋರುತ್ತದೆ. ಆದರೆ ಸ್ವಲ್ಪ ಒಳಹೊಕ್ಕು ನೋಡಿದರೆ ಇದು ಧರ್ಮದ ಪ್ರಶ್ನೆಯೇ ಆಗಿದೆ. ಹದಿನಾಲ್ಕು ವರ್ಷದ ಮಗುವಿನ ಕೈಗೆ ಅನ್ಯರ ಮನಸ್ಸನ್ನು ಹಿಡಿದು ನಿಲ್ಲಿಸುವ ಉಪಕರಣವೊಂದನ್ನು ನಾವು ಕೊಡುತ್ತಿದ್ದೇವೆ. ಹಾಗೆ ಕೊಡುವಾಗ ಅದರೊಡನೆ ಇನ್ನೇನನ್ನು ಕೊಡಬೇಕು?

ಭಕ್ತಸಮುದಾಯದಲ್ಲಿ ಈ ಬಗೆಗೆ ಎರಡು ಅಭಿಪ್ರಾಯಗಳಿವೆ. ಮೊಬೈಲೆಂಬುದು ಮಕ್ಕಳ ಪಾಲಿನ ಮಾಯೆ, ಅದರ ನೆರಳೂ ಶಾಲೆಯೊಳಗೆ ಬೀಳಬಾರದು ಎನ್ನುವವರು ಕೆಲವರು. ಕಾಲಕ್ಕೆ ತಕ್ಕ ವಿದ್ಯೆ ಇದು, ಇದರಿಂದ ಉದ್ಯೋಗ ದೊರೆಯುತ್ತದೆ, ಆದ್ದರಿಂದ ಎಷ್ಟು ಬೇಗ ಕಲಿತರೆ ಅಷ್ಟು ಮೇಲು ಎನ್ನುವವರು ಇನ್ನು ಕೆಲವರು. ಮೊದಲನೆಯವರಿಗೆ ಒಂದು ಮಾತನ್ನು ನೆನಪಿಸಬೇಕು. 2021ರ ಮಳೆಗಾಲದಲ್ಲಿ, ಶಾಲೆಗಳು ಮುಚ್ಚಿದ್ದಾಗ, ಸುಳ್ಯ ತಾಲ್ಲೂಕಿನಲ್ಲಿ ಸಂಪರ್ಕ ಸಿಗುವ ಜಾಗವನ್ನು ಹುಡುಕಿಕೊಂಡು ರಸ್ತೆಯ ಬದಿಯಲ್ಲಿ ಕುಳಿತ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ನೀವು ಪತ್ರಿಕೆಗಳಲ್ಲಿ ಕಂಡಿರಬಹುದು. ಆ ದಿನವೇ ಮೊಬೈಲು ನಮ್ಮ ಹಳ್ಳಿಗಳ ಪಾಠಶಾಲೆಯಾಗಿ ಹೋಯಿತು. ಇನ್ನು ಅದನ್ನು ಹೊಸಿಲಿನಾಚೆ ನಿಲ್ಲಿಸುತ್ತೇವೆಂಬ ಮಾತಿಗೆ ಅರ್ಥವಿಲ್ಲ.

ಎರಡನೆಯವರ ಮಾತೂ ಅಷ್ಟೇನೂ ಗಟ್ಟಿಯಾದುದಲ್ಲ. ಕರ್ನಾಟಕ ಸರ್ಕಾರವು 2012ರಲ್ಲಿಯೇ ಆನಿಮೇಷನ್ ಮತ್ತು ಅದರ ಸೋದರ ಉದ್ಯಮಗಳಿಗಾಗಿ ಪ್ರತ್ಯೇಕ ನೀತಿಯೊಂದನ್ನು ಪ್ರಕಟಿಸಿತು, 2024ರಲ್ಲಿ ಅದನ್ನು ಹೊಸದಾಗಿಸಿತು. ಉದ್ಯೋಗಗಳು ಇರುವುದು ನಿಜ. ಆದರೆ ಒಂದು ಕಾಲಕ್ಕೆ ಆನಿಮೇಷನ್ ಎಂದರೆ ಫ್ಲ್ಯಾಶ್ ಎಂಬ ತಂತ್ರಾಂಶವೇ ಎನ್ನುವಂತಿತ್ತು. ಸಾವಿರಾರು ಜನ ಅದನ್ನು ಕಲಿತರು. 2020ರ ಡಿಸೆಂಬರ್ 31ರಂದು ಅದರ ಒಡೆಯರೇ ಅದಕ್ಕೆ ಮಂಗಳ ಹಾಡಿದರು. ಹತ್ತು ವರ್ಷಗಳಲ್ಲಿ ಹಳತಾಗುವ ಉಪಕರಣವನ್ನು ನಂಬಿ ಮಗುವಿನ ಬಾಳನ್ನು ಕಟ್ಟಲಾಗದು. ಉದ್ಯೋಗದ ವಿಚಾರ ಇಷ್ಟು ಸಾಕು.

ಈ ವಿದ್ಯೆಯನ್ನು ಶಾಲೆಯಲ್ಲಿ ನಿಜವಾಗಿ ಕಲಿಸುತ್ತಿರುವುದನ್ನು ನೋಡಬೇಕಾದರೆ ದೂರ ಹೋಗಬೇಕಾಗಿಲ್ಲ. ಪುತ್ತೂರು ತಾಲ್ಲೂಕಿನ ದಕ್ಷಿಣದ ಎಲ್ಲೆಯನ್ನು ದಾಟಿದರೆ ಕಾಸರಗೋಡು ಜಿಲ್ಲೆ. ಕೇರಳ ಸರ್ಕಾರದ ಕೈಟ್ ಎಂಬ ಸಂಸ್ಥೆಯು 2018ರಿಂದ ‘ಲಿಟಲ್ ಕೈಟ್ಸ್’ ಎಂಬ ಹೆಸರಿನಲ್ಲಿ ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳಲ್ಲಿ ವಿದ್ಯಾರ್ಥಿಗಳ ಘಟಕಗಳನ್ನು ನಡೆಸಿಕೊಂಡು ಬಂದಿದೆ. ಎಂಟನೆಯ ತರಗತಿಯಲ್ಲಿ ಅಭಿರುಚಿ ಪರೀಕ್ಷೆಯ ಮೂಲಕ ಆಯ್ಕೆಯಾದ ಮಕ್ಕಳು ಅಲ್ಲಿ ಆನಿಮೇಷನ್, ಸ್ಕ್ರಾಚ್ ಎಂಬ ಸಾಧನದಲ್ಲಿ ಕಾರ್ಯಕ್ರಮ ರಚನೆ, ಆ್ಯಪ್ ಇನ್ವೆಂಟರ್ ಎಂಬ ಸಾಧನದಲ್ಲಿ ಮೊಬೈಲ್ ಆ್ಯಪ್‌ಗಳ ರಚನೆ ಇವುಗಳನ್ನು ಕಲಿಯುತ್ತಾರೆ. ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಪ್ರೌಢಶಾಲೆಗಳಿರುವುದು ನಿಮಗೆ ತಿಳಿದ ವಿಷಯ. ಅಲ್ಲಿಯ ಶಾಲೆಗಳ ಗಣಕಯಂತ್ರಗಳಲ್ಲಿ ಬಳಕೆಯಲ್ಲಿರುವುದು ಯಾರೂ ಹಣ ತೆರದೆ ಪಡೆಯಬಹುದಾದ, ಒಳಗನ್ನು ತೆರೆದು ನೋಡಬಹುದಾದ, ತಿದ್ದಿ ಇನ್ನೊಬ್ಬರಿಗೆ ಹಂಚಬಹುದಾದ ಸ್ವತಂತ್ರ ತಂತ್ರಾಂಶ. ತನ್ನ ದುಡಿಮೆಯ ಫಲವನ್ನು ಸಮುದಾಯಕ್ಕೆ ಸಲ್ಲಿಸುವ ಈ ಕ್ರಮಕ್ಕೆ ನಮ್ಮಲ್ಲಿ ದಾಸೋಹವೆಂಬ ಹೆಸರು ಮೊದಲಿನಿಂದಲೂ ಇದೆ.

ಪುತ್ತೂರಿಗೂ ಈ ವಿಚಾರ ಹೊಸದಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ಮಕ್ಕಳಿಗಾಗಿ ‘ಬಾಲಪ್ರಪಂಚ’ವೆಂಬ ವಿಶ್ವಕೋಶವನ್ನು ರಚಿಸಿದರು. ಅದಕ್ಕೂ ಮೊದಲೇ, ಮೂಕಿಚಿತ್ರಗಳ ಕಾಲದಲ್ಲಿ, ತಾವೇ ಚಲನಚಿತ್ರಗಳನ್ನೂ ತಯಾರಿಸಿದ್ದರು. ಮಗುವು ಕುಳಿತು ಕೇಳುವುದರಿಂದ ಕಲಿಯುವುದು ಸ್ವಲ್ಪ, ಕೈಯಾಡಿಸಿ ಮಾಡುವುದರಿಂದ ಕಲಿಯುವುದು ಬಹಳ ಎಂಬ ನಂಬಿಕೆ ಅವರ ಪ್ರಯೋಗಗಳ ಹಿಂದಿತ್ತು.

ಈಗ ಆನಿಮೇಷನ್ನಿನ ಕೆಲಸವನ್ನೇ ನೋಡೋಣ. ಚಲನಚಿತ್ರದಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು ಕಣ್ಣಮುಂದೆ ಹಾಯುತ್ತವೆ. ಒಂದೊಂದು ಚಿತ್ರವನ್ನು ಎರಡೆರಡು ಬಾರಿ ತೋರಿಸಿದರೂ ಸೆಕೆಂಡಿಗೆ 12 ಚಿತ್ರಗಳನ್ನು ಬರೆಯಬೇಕು. ಕೆದಂಬಾಡಿಯ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಅಡಿಕೆಮರ ಹತ್ತುವವನೊಬ್ಬನನ್ನು ಐದು ಸೆಕೆಂಡುಗಳ ಕಾಲ ಚಲಿಸುವಂತೆ ತೋರಿಸಬೇಕೆಂದು ಅವಳು ಹೊರಟಳೆನ್ನಿ. ಅದಕ್ಕೆ 60 ಚಿತ್ರಗಳು ಬೇಕು. ಹುಟ್ಟಿದಂದಿನಿಂದ ಅವಳು ಆ ದೃಶ್ಯವನ್ನು ನೋಡುತ್ತಲೇ ಬಂದಿದ್ದಾಳೆ; ಆದರೆ ಹತ್ತನೆಯ ಚಿತ್ರವನ್ನು ಬರೆಯುವಾಗ ಲೇಖನಿ ನಿಲ್ಲುತ್ತದೆ. ಮೊದಲು ಮೇಲಕ್ಕೆ ಹೋಗುವುದು ಕೈಯೋ, ತಳೆ ಹಾಕಿದ ಕಾಲೋ? ಮೈಯ ಭಾರ ಬೀಳುವುದು ಎಲ್ಲಿ? ಬೆನ್ನು ಬಾಗುವುದು ಯಾವಾಗ? ಉತ್ತರಕ್ಕಾಗಿ ಅವಳು ತೋಟಕ್ಕೆ ಹೋಗಿ ಆ ಮನುಷ್ಯನನ್ನು ನೋಡಬೇಕಾಗುತ್ತದೆ. ಒಂದು ಮರದಿಂದ ಇನ್ನೊಂದು ಮರಕ್ಕೆ ಬಾಗಿ ಹಾಯುವ ಅವನ ತೋಳಿನ ನಡುಕವನ್ನೂ, ಇಳಿದ ಮೇಲೆ ಅವನು ನಿಂತು ಉಸಿರು ತೆಗೆದುಕೊಳ್ಳುವ ಕ್ಷಣವನ್ನೂ ಆಗ ಅವಳು ಮೊದಲ ಸಲ ಕಾಣುತ್ತಾಳೆ. ಅವಳ ಮನೆಯವರು ಕೂಲಿ ಕೊಟ್ಟು ಲೆಕ್ಕ ಬರೆದಿಟ್ಟ ಆ ದುಡಿಮೆ ಈಗ ಅವಳಿಗೆ ಒಬ್ಬ ಮನುಷ್ಯನ ಕಾಯಕವಾಗಿ ಕಾಣುತ್ತದೆ. ಇಂತಹ ನೋಟವನ್ನು ಕೊಡುವ ವಿದ್ಯೆಯನ್ನು ಮಾಯೆಯೆಂದು ತಳ್ಳುವುದು ಹೇಗೆ? ಕಾಸರಗೋಡಿನ ಯಕ್ಷಗಾನ ಬೊಂಬೆಯಾಟದ ಕಲಾವಿದರನ್ನು ಕೇಳಿದರೆ ಅವರೂ ಇದನ್ನೇ ಹೇಳಿಯಾರು. ನಿಜವಾದ ವೇಷಧಾರಿಯ ಹೆಜ್ಜೆಯನ್ನು ತಿಳಿಯದೆ ಮರದ ಬೊಂಬೆಯನ್ನು ಕುಣಿಸಲಾಗದು.

ಇದುವರೆಗೆ ಬಂದುದು ಸುಲಭವಾದ ಅರ್ಧ. ಚಿತ್ರವನ್ನು ನೋಡುವವನು ನೋಡಿ ಎದ್ದು ಹೋಗುತ್ತಾನೆ. ಆ್ಯಪ್‌ನ ವಿಚಾರ ಹಾಗಲ್ಲ. ಬಳಸುವವನು ಎದ್ದು ಹೋಗದಂತೆ ಮಾಡುವ ಶಕ್ತಿ ಅದನ್ನು ರೂಪಿಸುವವನ ಕೈಯಲ್ಲಿದೆ. ಹೊರಡುವ ಗುಂಡಿಯನ್ನು ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿಸಬಹುದು. ನಿನ್ನೆ ಬಂದಿದ್ದೆ, ಇಂದು ಬಾರದಿದ್ದರೆ ಗಳಿಸಿದ ಅಂಕಗಳು ಹೋದಾವು ಎಂದು ಹೆದರಿಸಬಹುದು. ಕೆಂಪು ಚುಕ್ಕೆಯೊಂದನ್ನು ಮೂಲೆಯಲ್ಲಿಟ್ಟು ಮನಸ್ಸನ್ನು ಕೆರಳಿಸಬಹುದು. ಬೆರಳು ಸರಿದಷ್ಟೂ ಕೆಳಗಿನಿಂದ ಹೊಸತು ಬರುತ್ತಲೇ ಇರುವ, ತುದಿಯೇ ಇಲ್ಲದ ಪುಟವನ್ನು ನೀವೂ ಕಂಡಿದ್ದೀರಿ. ಅದನ್ನು 2006ರಲ್ಲಿ ರೂಪಿಸಿದ ಅಜಾ ರಾಸ್ಕಿನ್ ಎಂಬ ಅಮೆರಿಕದ ವಿನ್ಯಾಸಕಾರ, ಜನರ ಎಷ್ಟೊಂದು ಕಾಲ ಅದರಲ್ಲಿ ಕರಗಿಹೋಯಿತೆಂದು ಮುಂದೆ ಬಹಿರಂಗವಾಗಿಯೇ ವಿಷಾದಿಸಿದ. ಓದುವವರಿಗೆ ಅನುಕೂಲವಾಗಲೆಂದು ಮಾಡಿದ ಕೆಲಸವದು. ಕೆಡುಕಿನ ಉದ್ದೇಶವಿಲ್ಲದ ಕುಶಲನ ಕೈಯಿಂದಲೂ ಇಂತಹುದು ಹುಟ್ಟಬಲ್ಲುದಾದರೆ, ಕುಶಲತೆಯೊಂದನ್ನೇ ಕಲಿಸಿ ಮಗುವನ್ನು ಕಳುಹಿಸಿಕೊಡುವ ಅಧ್ಯಾಪಕನ ಹೊಣೆ ಎಷ್ಟಿರಬೇಕು!

ಇಲ್ಲಿ ನಮಗೆ ದಾರಿ ತೋರುವವರು ಹನ್ನೆರಡನೆಯ ಶತಮಾನದ ದಂಪತಿಗಳು. ಶರಣ ಆಯ್ದಕ್ಕಿ ಮಾರಯ್ಯನವರ ಕಾಯಕವೆಂದರೆ ಕಲ್ಯಾಣದ ಅಂಗಳಗಳಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಶರಣೆ ಲಕ್ಕಮ್ಮನವರು ಅದನ್ನು ಮನೆಯೊಳಗೆ ಸೇರಿಸಲಿಲ್ಲ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದರು ಎಂದು ಶರಣಚರಿತ್ರೆ ತಿಳಿಸುತ್ತದೆ. ಗಮನಿಸಬೇಕಾದ ಅಂಶವೊಂದಿದೆ. ಆ ಅಕ್ಕಿ ಕದ್ದುದಾಗಿರಲಿಲ್ಲ. ನೆಲದ ಮೇಲೆ ಬಿದ್ದುದು, ಯಾರೂ ಬೇಡವೆನ್ನದುದು. ಆದರೂ ಅಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚಾದುದರಿಂದಲೇ ಅದು ದೋಷವಾಯಿತು.

ಬಳಸುವವರ ಗಮನವೂ ಅಂಗಳದಲ್ಲಿ ಬಿದ್ದ ಅಕ್ಕಿಯ ಹಾಗೆಯೇ ಇದೆ. ಯಾರೂ ಕಾವಲಿಲ್ಲ, ಬಾಚಿಕೊಂಡರೆ ಕಳ್ಳತನವೆಂದು ಯಾವ ನ್ಯಾಯಾಲಯವೂ ಹೇಳಲಾರದು. ಅವರಾಗಿ ಬಂದರು, ಅವರಾಗಿ ಕುಳಿತರು, ನಾವೇನು ಹಿಡಿದು ಕೂರಿಸಿದೆವೇ ಎಂದು ಉದ್ಯಮದವರು ಕೇಳುತ್ತಾರೆ. ಲಕ್ಕಮ್ಮನವರ ಅಳತೆಗೋಲಿನಲ್ಲಿ ಈ ವಾದ ನಿಲ್ಲದು. ಈ ಕೆಲಸಕ್ಕೆ ಬಳಸುವವನ ಎಷ್ಟು ನಿಮಿಷ ಬೇಕು, ನೀನು ತೆಗೆದುಕೊಂಡದ್ದು ಎಷ್ಟು ಎಂದು ಅವರು ಕೇಳಿಯಾರು.

ಕೆದಂಬಾಡಿಯ ಹುಡುಗಿ ಇನ್ನು ಆ್ಯಪ್ ರಚನೆಗೆ ಕೈಹಚ್ಚಲಿ. ಮಳೆ ಹಿಡಿಯುವ ಮುನ್ನ ಅಡಿಕೆಗೆ ಮದ್ದು ಬಿಡಬೇಕು, ಇಲ್ಲವಾದರೆ ಕೊಳೆರೋಗ ಬರುತ್ತದೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಎರಡನ್ನೂ ಬೇರೆಬೇರೆಯಾಗಿ ಕರಗಿಸಿ ಕೂಡಿಸಬೇಕು. ಕಬ್ಬಿಣದ ಕತ್ತಿಯ ಅಲಗನ್ನು ಅದ್ದಿ ನೋಡಿದಾಗ ಕೆಂಬಣ್ಣ ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ನೀರಿನ ಪ್ರಮಾಣವನ್ನು ಹಾಕಿದೊಡನೆ ಉಳಿದ ಲೆಕ್ಕವನ್ನು ಹೇಳುವ, ಕತ್ತಿಯ ಪರೀಕ್ಷೆಯನ್ನು ತಾನು ಬರೆದ ಚಲಿಸುವ ಚಿತ್ರದಲ್ಲಿ ತೋರಿಸುವ ಸಣ್ಣ ಆ್ಯಪ್ ಒಂದನ್ನು ಅವಳು ಮಾಡಬಲ್ಲಳು. ಅದನ್ನು ಬಳಸುವವನು ತೋಟದಲ್ಲಿ ನಿಂತಿದ್ದಾನೆ, ಕೈಗೆ ಸುಣ್ಣ ಮೆತ್ತಿದೆ, ಮೋಡ ಕವಿಯುತ್ತಿದೆ. ಅವನಿಗೆ ಬೇಕಾದುದು ಅರ್ಧ ನಿಮಿಷ. ದೊಡ್ಡ ಅಕ್ಷರ, ಒಂದೇ ಗುಂಡಿ, ಓದಲು ಬಾರದವರಿಗಾಗಿ ಧ್ವನಿ, ಸಾಧ್ಯವಾದರೆ ತುಳುವಿನಲ್ಲಿಯೂ. ಹೀಗೆ ಯೋಚಿಸಿದಾಗ ವಿನ್ಯಾಸದ ಒಂದೊಂದು ನಿರ್ಣಯವೂ ಆ ಮನುಷ್ಯನನ್ನು ಕುರಿತ ಗೌರವವೇ ಆಗುತ್ತದೆ. ಅದೇ ಹುಡುಗಿ, ಹೆಚ್ಚು ಹೊತ್ತು ಜನ ನಿಲ್ಲುವಂತೆ ಮಾಡಿದವರಿಗೆ ಹೆಚ್ಚು ಅಂಕ ಎಂಬ ತರಗತಿಯಲ್ಲಿ ಕುಳಿತಿದ್ದರೆ, ಮದ್ದಿನ ಲೆಕ್ಕದ ನಡುವೆ ಒಂದು ಆಟವನ್ನು ತುರುಕುತ್ತಿದ್ದಳು. ಮಗುವು ತಪ್ಪಿದ್ದಲ್ಲ ಅದು. ಅಂಕ ಕೊಡುವ ಕ್ರಮವೇ ಅವಳಿಗೆ ಹಾಗೆ ಕಲಿಸಿತು.

ಅಷ್ಟು ಎಳೆಯ ವಯಸ್ಸಿಗೆ ಇಷ್ಟು ಗುರುತರವಾದ ವಿಚಾರವೇ ಎಂದು ನೀವು ಕೇಳಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಮೊಬೈಲು ತನ್ನನ್ನು ಹೇಗೆ ಹಿಡಿದು ಕೂರಿಸುತ್ತದೆಂಬುದು ಆ ವಯಸ್ಸಿನವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ. ತನಗೆ ಪ್ರಿಯವಾದ ಆಟವೊಂದನ್ನು ಬಿಚ್ಚಿ, ಎಲ್ಲೆಲ್ಲಿ ತಾನು ಏಳಬೇಕೆಂದಿದ್ದೆ, ಏಳದಂತೆ ಯಾವುದು ತಡೆಯಿತು ಎಂದು ಗುರುತು ಮಾಡಿಕೊಂಡು ಬರಲು ಹೇಳಿದರೆ ಮಕ್ಕಳು ಒಂದು ಗಂಟೆಯೊಳಗೆ ಹಾಳೆ ತುಂಬಿಸಿಯಾರು. ಮೊಬೈಲಿನಿಂದ ದೂರವಿರೆಂಬ ನೂರು ಉಪದೇಶಗಳು ಮಾಡಲಾರದ ಕೆಲಸ ಅದು. ಇಂತಹ ಆ್ಯಪ್‌ಗೆ ಹಣ ಕೊಡುವವರು ಯಾರು ಎಂಬ ಇನ್ನೊಂದು ಆಕ್ಷೇಪ ಮಾತ್ರ ನಿಜವಾಗಿಯೂ ಕಠಿನವಾದುದು. ಜನರ ಹೊತ್ತನ್ನು ಹೆಚ್ಚು ಹಿಡಿದವನಿಗೆ ಹೆಚ್ಚು ಜಾಹೀರಾತು, ಹೆಚ್ಚು ಹಣ ಎಂಬುದೇ ಇಂದಿನ ಪೇಟೆಯ ನಡೆ. ನಾಳೆ ಅವಳು ಬೆಂಗಳೂರಿನ ಕಚೇರಿಯೊಂದರಲ್ಲಿ ಕುಳಿತಾಗ, ಹೊರಡುವ ಗುಂಡಿಯನ್ನು ಮರೆಮಾಡೆಂದು ಮೇಲಿನವರು ಹೇಳಿದರೆ, ಮಾಡಲಾರೆನೆಂದು ಹೇಳುವ ಧೈರ್ಯಕ್ಕೆ ಕೆಲಸದ ಬೆಲೆ ತೆರಬೇಕಾದೀತು. ಅದನ್ನು ಮುಚ್ಚಿಟ್ಟು ಪಾಠ ಹೇಳುವುದು ಸರಿಯಲ್ಲ. ಮನೆಗೆ ಬಂದ ಅಕ್ಕಿಯನ್ನು ಹಿಂದಿರುಗಿಸಿದ ಲಕ್ಕಮ್ಮನವರೂ ಸಿರಿವಂತೆಯಾಗಿರಲಿಲ್ಲವೆಂಬುದನ್ನು ಪಾಠದ ಜೊತೆಗೇ ಹೇಳಬೇಕು.

ನಿಮ್ಮಲ್ಲಿ ಅನೇಕರು ಮಠದ ಪ್ರಸಾದನಿಲಯಗಳಲ್ಲಿ ಉಂಡು ಓದಿ, ಇಂದು ಅಧ್ಯಾಪಕರಾಗಿ ನಾಡಿನ ಮೂಲೆಮೂಲೆಗಳಲ್ಲಿದ್ದೀರಿ; ಬಯಲುಸೀಮೆಯಿಂದ ಘಟ್ಟ ಇಳಿದು ದಕ್ಷಿಣ ಕನ್ನಡದ ಶಾಲೆಗಳನ್ನು ಸೇರಿದವರೂ ಇದ್ದೀರಿ. ಗಣಕಯಂತ್ರಗಳು ಬರಲೆಂದು ಕಾಯಬೇಕಾಗಿಲ್ಲ. ಹಳೆಯ ನೋಟುಪುಸ್ತಕದ ಅಂಚಿನಲ್ಲಿ ಹಾಳೆಗೊಂದರಂತೆ ಚಿತ್ರ ಬರೆದು ಹೆಬ್ಬೆರಳಿನಿಂದ ಸರಸರನೆ ಬಿಟ್ಟರೆ ಚಿತ್ರ ನಡೆಯುತ್ತದೆ. ಆ್ಯಪ್‌ನ ಪರದೆಗಳನ್ನೂ ರಟ್ಟಿನ ಮೇಲೆ ಬರೆದು, ಒಬ್ಬ ವಿದ್ಯಾರ್ಥಿ ಮುಟ್ಟುವವನಾಗಿ, ಇನ್ನೊಬ್ಬ ರಟ್ಟು ಬದಲಿಸುವವನಾಗಿ ಆಡಿ ನೋಡಬಹುದು. ದೊಡ್ಡ ಸಂಸ್ಥೆಗಳ ವಿನ್ಯಾಸಕಾರರೂ ಮೊದಲು ಕಾಗದದ ಮೇಲೆಯೇ ಹೀಗೆ ಪರೀಕ್ಷಿಸುವುದುಂಟು. ಮುಟ್ಟುವವನ ಸ್ಥಾನದಲ್ಲಿ ಸಹಪಾಠಿಯ ಬದಲು ಊರಿನ ಒಬ್ಬ ಕೃಷಿಕರನ್ನೋ, ಅಡಿಗೆಯ ಅಜ್ಜಿಯನ್ನೋ ಕೂರಿಸಿ, ಅವರ ಬೆರಳು ಎಲ್ಲಿ ತಡವರಿಸುತ್ತದೆಂದು ಮಕ್ಕಳು ಬರೆದುಕೊಳ್ಳಲಿ. ಅಂಕಪಟ್ಟಿಯಲ್ಲಿ ಒಂದು ಕಲಮನ್ನು ಹೆಚ್ಚಾಗಿ ಸೇರಿಸಿ: ಅವರ ಕೆಲಸ ಎಷ್ಟು ಬೇಗ ಮುಗಿಯಿತು, ಎಷ್ಟು ಬೇಗ ಅವರು ಎದ್ದು ತಮ್ಮ ದಾರಿ ಹಿಡಿದರು.