ಅನ್ಯಗ್ರಹಕ್ಕೆ ಮಾನವನ ಪಯಣ

ನಾಗರಹೊಳೆಯ ಕಾಡನ್ನು ಹೊಕ್ಕವರು ಲಂಟಾನದ ಪೊದೆಗಳನ್ನು ಕಾಣದಿರಲಾರರು. ಅಮೆರಿಕ ಖಂಡದ ಈ ಗಿಡವನ್ನು ಆಂಗ್ಲರು ಹೂವಿನ ಚೆಲುವಿಗಾಗಿ ಭಾರತಕ್ಕೆ ತಂದರು. ತಂದವರಲ್ಲಿ ದುರುದ್ದೇಶವಿರಲಿಲ್ಲ. ಆದರೂ ಅದು ಉದ್ಯಾನದ ಬೇಲಿಯನ್ನು ದಾಟಿ, ಹಕ್ಕಿಗಳಿಂದ ಬೀಜ ಹರಡಿ, ಕೊಡಗಿನ ಅರಣ್ಯಗಳಲ್ಲಿ ಹುಲ್ಲು ಬೆಳೆಯಬೇಕಾದ ನೆಲವನ್ನು ಆಕ್ರಮಿಸಿತು. ಜಿಂಕೆ, ಕಾಟಿಗಳಿಗೆ ಮೇವು ಕುಗ್ಗಿತು. ಕಡಿದರೆ ಬುಡದಿಂದ ಮತ್ತೆ ಚಿಗುರುವ ಅದನ್ನು ನಿರ್ಮೂಲಗೊಳಿಸುವುದು ಇಂದಿಗೂ ಸಾಧ್ಯವಾಗಿಲ್ಲ.

ಮಂಗಳಗ್ರಹಕ್ಕೆ ಮನುಷ್ಯರನ್ನು ಕಳುಹಿಸುವ ಮಾತು ಕೇಳಿದಾಗಲೆಲ್ಲ ನನಗೆ ಈ ಗಿಡದ ನೆನಪಾಗುತ್ತದೆ.

ನಮ್ಮ ಮಂಗಳಯಾನವು 2013ರ ನವೆಂಬರ್ 5ರಂದು ಶ್ರೀಹರಿಕೋಟೆಯಿಂದ ಹೊರಟು 2014ರ ಸೆಪ್ಟೆಂಬರ್ 24ರಂದು ಆ ಗ್ರಹದ ಕಕ್ಷೆಯನ್ನು ಸೇರಿತು. ಬೆಂಗಳೂರಿನಿಂದ ನಿಯಂತ್ರಿಸಿದ ಆ ಕಾರ್ಯವನ್ನು ಕಂಡು ಹಿಗ್ಗದ ಕನ್ನಡಿಗನುಂಟೆ? ಆದರೆ ಅದು ಯಂತ್ರ, ಉಸಿರಾಡಬೇಕಾಗಿರಲಿಲ್ಲ, ಮರಳಬೇಕಾಗಿರಲಿಲ್ಲ. ಮನುಷ್ಯನಾದರೋ ವಿಕಿರಣವನ್ನು ಸಹಿಸುತ್ತ ಆರೆಂಟು ತಿಂಗಳು ಪಯಣಿಸಬೇಕು. ಪಯಣಕ್ಕೆ ಅನುಕೂಲವಾದ ಗ್ರಹಸ್ಥಿತಿ ಒದಗುವುದು ಸುಮಾರು 26 ತಿಂಗಳಿಗೊಮ್ಮೆಯಾದುದರಿಂದ ಬೇಕೆಂದಾಗ ಹಿಂದಿರುಗುವಂತಿಲ್ಲ. ಗ್ರಹಗಳ ನಡುವಣ ದೂರ ಹೆಚ್ಚಿದ್ದಾಗ ಅವನ ಆರ್ತಧ್ವನಿ ನಮ್ಮನ್ನು ಮುಟ್ಟಲು 20 ನಿಮಿಷಕ್ಕೂ ಹೆಚ್ಚು ಬೇಕು.

ಇಷ್ಟನ್ನೂ ಬಲ್ಲವನು ಒಪ್ಪಿ ಹೊರಡುವುದಾದರೆ ತಡೆಯಲು ನಾವಾರು? ಸೇನೆ ಸೇರಿದ ಕೊಡಗಿನ ವೀರರೂ ಪ್ರಾಣದ ಹಂಗು ತೊರೆದೇ ಹೋದವರು. ಆದರೆ ಆ ಒಪ್ಪಿಗೆ ಅವನ ಪ್ರಾಣಕ್ಕೆ ಮಾತ್ರ ಸಲ್ಲುತ್ತದೆ. ಅವನ ಚರ್ಮದ ಮೇಲೂ ಕರುಳಿನಲ್ಲೂ ನೆಲೆಸಿರುವ ಅಸಂಖ್ಯ ಸೂಕ್ಷ್ಮಜೀವಿಗಳು ಅವನೊಡನೆಯೇ ಹೋಗುತ್ತವೆ. 1976ರಲ್ಲಿ ಮಂಗಳದ ಮೇಲಿಳಿದ ವೈಕಿಂಗ್ ನೌಕೆಗಳನ್ನು, ಇಲ್ಲಿಯ ಸೂಕ್ಷ್ಮಜೀವಿಗಳು ಅಂಟಿಕೊಂಡು ಹೋಗದಿರಲೆಂದು, ಹೊರಡುವ ಮೊದಲು ಬಿಸಿಯಲ್ಲಿ ಕಾಯಿಸಿದ್ದರು. ಮನುಷ್ಯನನ್ನು ಹಾಗೆ ಕಾಯಿಸಲಾದೀತೆ? ಅನ್ಯಗ್ರಹಗಳನ್ನು ಹಾನಿಯಾಗುವಂತೆ ಮಲಿನಗೊಳಿಸಬಾರದೆಂದು 1967ರ ಅಂತರರಾಷ್ಟ್ರೀಯ ಒಪ್ಪಂದವೇ ವಿಧಿಸಿದೆ. ಭಾರತವೂ ಅದಕ್ಕೆ ಬದ್ಧವಾಗಿದೆ.

ಅಲ್ಲಿ ಜೀವವೇ ಇಲ್ಲವಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಇಲ್ಲವೆಂದು ನಿಶ್ಚಯವಾಗಿ ಅರಿತವರಾರು? ನೆಲದಡಿಯಲ್ಲಿ ಅಣುಮಾತ್ರದ ಜೀವವಿದ್ದು, ನಾವು ಒಯ್ದ ಜೀವಿಗಳು ಅದನ್ನು ಅಳಿಸಿಬಿಟ್ಟರೆ, ಇಲ್ಲವೆ ಒಯ್ದವನ್ನೇ ಅಲ್ಲಿಯವೆಂದು ನಾವು ಭ್ರಮಿಸಿದರೆ, ಸತ್ಯವನ್ನು ತಿಳಿಯುವ ದಾರಿಯೇ ಮುಚ್ಚಿಹೋದೀತು. ಶರಣರು ದಯೆ ತೋರುವಾಗ ಜೀವದ ಗಾತ್ರವನ್ನು ಅಳೆಯಲಿಲ್ಲವೆಂಬುದನ್ನು ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ.

ಆದುದರಿಂದ ಯಂತ್ರಗಳು ಮೊದಲು ಆ ನೆಲವನ್ನು ಆಳವಾಗಿ ಅಗೆದು ನೋಡಲಿ. ಮಾನವನು ಅನಂತರ ಹೋಗಲಿ ಎಂಬುದೇ ನನ್ನ ಅಭಿಪ್ರಾಯ. ಇದರಿಂದ ತಡವಾಗುವುದೆಂದು ಅವಸರಪಡುವವರು, ಕಾಡಿನಲ್ಲಿ ಲಂಟಾನ ಕೀಳುವ ಕೂಲಿಯವರೊಡನೆ ಒಂದು ದಿನ ದುಡಿದು ನೋಡಬಹುದು.