ಬದುಕಿ ಬಂದವಳಿಗೆ ಯಾರು ಅಳುತ್ತಾರೆ?

2000ನೇ ಇಸವಿಯ ಜನವರಿಯಲ್ಲಿ ಸ್ವೀಡನ್ನಿನ ಮಾಲ್ಮೋ ನಗರದಲ್ಲಿ ಲಿಥುವೇನಿಯಾ ದೇಶದ ಹದಿನಾರರ ಹುಡುಗಿಯೊಬ್ಬಳು ಸೇತುವೆಯ ಮೇಲಿಂದ ಹಾರಿ ಪ್ರಾಣ ಬಿಟ್ಟಳು. ಕೆಲಸ ಕೊಡಿಸುವ ನೆಪದಲ್ಲಿ ಕರೆತಂದವರು ಅವಳನ್ನು ಮನೆಯೊಳಗೆ ಕೂಡಿಹಾಕಿ ಗಂಡಸರಿಗೆ ಮಾರುತ್ತಿದ್ದರು. ಅವಳ ಬಳಿ ಸಿಕ್ಕಿದ ಕಾಗದಗಳಿಂದ ಸಂಗತಿ ಹೊರಬಿತ್ತು. ಎರಡು ವರ್ಷದ ನಂತರ, 2002ರಲ್ಲಿ, ಸ್ವೀಡನ್ನಿನ ನಿರ್ದೇಶಕ ಲುಕಾಸ್ ಮೂಡಿಸನ್ ಅದನ್ನೇ ಆಧಾರವಾಗಿಟ್ಟುಕೊಂಡು ‘ಲಿಲ್ಯಾ ಫಾರ್ ಎವರ್’ ಚಿತ್ರ ಮಾಡಿದರು. ಹೆಣ್ಣುಮಕ್ಕಳ ಸಾಗಣೆಯ ಬಗ್ಗೆ ಜನರನ್ನು ಎಚ್ಚರಿಸಲು ಹಲವು ಕಡೆ ಆ ಚಿತ್ರವನ್ನು ತೋರಿಸಿದ್ದಾರೆ.

ಚಿತ್ರದಲ್ಲಿ ಲಿಲ್ಯಾಳನ್ನು ಯಾರೂ ಬಾಯಿ ಕಟ್ಟಿ ಎತ್ತಿಕೊಂಡು ಹೋಗುವುದಿಲ್ಲ. ತಾಯಿ ಮಗಳನ್ನು ಬಿಟ್ಟು ಹೊಸ ಸಂಗಾತಿಯ ಜೊತೆ ಅಮೆರಿಕಕ್ಕೆ ಹೊರಟುಹೋಗುತ್ತಾಳೆ. ಹತ್ತಿರದ ಬಂಧುವೇ ಅವಳನ್ನು ಇದ್ದ ಮನೆಯಿಂದ ಬಿಡಿಸಿ ಹಾಳುಬಿದ್ದ ಇನ್ನೊಂದಕ್ಕೆ ತಳ್ಳುತ್ತಾಳೆ. ಆಮೇಲೆ ಆಂದ್ರೇ ಎಂಬ ಯುವಕ ಬರುತ್ತಾನೆ. ಕೈಮಾಡುವವನಲ್ಲ, ಕೆಟ್ಟ ಮಾತಾಡುವವನಲ್ಲ. ಸುತ್ತಾಡಿಸುತ್ತಾನೆ, ನಗಿಸುತ್ತಾನೆ, ಸ್ವೀಡನ್ನಿನಲ್ಲಿ ಕೆಲಸವಿದೆ ಎನ್ನುತ್ತಾನೆ, ಪಾಸ್‌ಪೋರ್ಟ್ ತಂದುಕೊಡುತ್ತಾನೆ. ವಿಮಾನ ಇಳಿದ ಮೇಲೆ ಎದುರುಗೊಂಡ ಬೇರೊಬ್ಬ ಗಂಡಸು ಆ ಪಾಸ್‌ಪೋರ್ಟನ್ನು ಇಸಿದುಕೊಳ್ಳುತ್ತಾನೆ. ಅಲ್ಲಿಗೆ ಅವಳ ಬದುಕು ಅವಳ ಕೈತಪ್ಪುತ್ತದೆ.

ಆ ಆಂದ್ರೇಯನ್ನು ನಮ್ಮ ಆಂಧ್ರ ಗಡಿಯ ಮಡಕಶಿರ, ರಾಯದುರ್ಗದ ಕಡೆಯವರು ಗುರುತು ಹಿಡಿಯಬೇಕು. ನಮ್ಮಲ್ಲಿ ಅವನು ಹೆಚ್ಚಾಗಿ ಪರಿಚಯದ ಹೆಂಗಸಾಗಿ ಬರುತ್ತಾನೆ. ಹಿಂದೆ ಇದೇ ಊರಲ್ಲಿದ್ದವಳು, ಈಗ ಕೊರಳಲ್ಲಿ ನಾಲ್ಕೆಳೆ ಚಿನ್ನ ಹಾಕಿಕೊಂಡು ಬಂದಿರುವವಳು. ಜಗುಲಿಯ ಮೇಲೆ ಕೂತು, “ಏನಕ್ಕಾ, ಇನ್ನೂ ಎಷ್ಟು ದಿನ ಅಂತ ಮಗಳನ್ನ ಕಡ್ಲೆಕಾಯಿ ಬಿಡಿಸೋಕೆ ಕಳಿಸ್ತೀಯ? ನನ್ನ ಜೊತೆ ಕಳಿಸು, ಮನೆಗೆಲಸ, ತಿಂಗಳಿಗೆ ಸಂಬಳ, ಊಟ ಅವರದ್ದೇ” ಎನ್ನುತ್ತಾಳೆ. ಮುಂಗಡ ಎಂದು ಒಂದಿಷ್ಟು ನೋಟು ಎಣಿಸಿ ಕೊಡುತ್ತಾಳೆ. ಮಳೆ ವರ್ಷಕ್ಕೆ 550 ಮಿಲಿಮೀಟರ್ ಆಸುಪಾಸು ಬೀಳುವ, ಅದೂ ಬೇಕಾದಾಗ ಬೀಳದ ಸೀಮೆ ಇದು. ಕಡ್ಲೆಕಾಯಿ ಕೈಕೊಟ್ಟು, ಬೋರ್‌ವೆಲ್ ಬತ್ತಿ, ಸಾಲದವನು ಬಾಗಿಲಿಗೆ ಬಂದ ವಾರದಲ್ಲಿ ಆ ನೋಟುಗಳನ್ನು ಬೇಡ ಎನ್ನಲು ಎಷ್ಟು ಗಟ್ಟಿ ಮನಸ್ಸು ಬೇಕು ಎಂಬುದು ಹೊಟ್ಟೆ ತುಂಬಿದವರಿಗೆ ತಿಳಿಯುವುದಿಲ್ಲ.

ಕದಿರಿ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ದೆಹಲಿಯ ಜಿ.ಬಿ. ರಸ್ತೆ, ಪುಣೆಯ ಬುಧವಾರ ಪೇಟೆ, ಮುಂಬಯಿ, ಭಿವಂಡಿಗಳ ವೇಶ್ಯಾವಾಟಿಕೆಯ ಕೋಣೆಗಳಲ್ಲಿ ಹೋಗಿ ಬಿದ್ದದ್ದು ಬಹು ಕಾಲದಿಂದ ಗೊತ್ತಿರುವ ಸಂಗತಿ. ಮಡಕಶಿರವೂ ಕದಿರಿಯೂ 2022ರ ಏಪ್ರಿಲ್‌ನಿಂದ ಒಂದೇ ಶ್ರೀ ಸತ್ಯಸಾಯಿ ಜಿಲ್ಲೆ. ಅದು ಕದಿರಿಯ ಕಥೆ, ನಮ್ಮದಲ್ಲ ಎಂದು ಹೇಳಿಕೊಳ್ಳುವ ದಾರಿ ನಮಗಿಲ್ಲ. ಆ ಕೋಣೆಗಳಲ್ಲಿ ಲೆಕ್ಕ ನಡೆಯುವ ರೀತಿಯೂ ಎಲ್ಲ ಕಡೆ ಒಂದೇ. ತಾಯಿಗೆ ಕೊಟ್ಟ ಮುಂಗಡ ಮಗಳ ಸಾಲವಾಗುತ್ತದೆ. ರೈಲು ಚಾರ್ಜು, ಊಟ, ಸೀರೆ, ಕೋಣೆಯ ಬಾಡಿಗೆ, ಔಷಧಿ, ಪೊಲೀಸರಿಗೆ ಕೊಟ್ಟೆ ಎಂದು ಆ ಮನೆಯ ಒಡತಿ ಘರ್‌ವಾಲಿ ಹೇಳುವ ಮೊತ್ತ, ಎಲ್ಲವೂ ಸಾಲದ ಪುಸ್ತಕಕ್ಕೆ ಏರುತ್ತವೆ. ದುಡಿದಷ್ಟೂ ಸಾಲ ಬೆಳೆಯುತ್ತದೆ. ಬಾಗಿಲಿಗೆ ಬೀಗ ಹಾಕುವುದು ಮೊದಲ ತಿಂಗಳುಗಳಲ್ಲಿ ಮಾತ್ರ ಬೇಕಾಗುತ್ತದೆ.

ಕಡಲಾಚೆಯ ದಾರಿಯೂ ಈ ಸೀಮೆಗೆ ಹೊಸದಲ್ಲ. ಕಡಪ, ಅನಂತಪುರದ ಕಡೆಯಿಂದ ಕುವೈತ್, ಸೌದಿಗೆ ಮನೆಗೆಲಸಕ್ಕೆ ಹೋದ ಹೆಂಗಸರು ಬಹಳ. ಹತ್ತನೇ ತರಗತಿ ಪಾಸಾಗದ ಹೆಣ್ಣುಮಗಳು ಆ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಮೂವತ್ತು ವರ್ಷ ತುಂಬಿರಬೇಕು, ಸರ್ಕಾರಿ ಸಂಸ್ಥೆಯ ಮೂಲಕವೇ ಹೋಗಬೇಕು. ಕಾಯಲೆಂದೇ ಮಾಡಿದ ನಿಯಮ. ಅದನ್ನು ತಪ್ಪಿಸಲು ಏಜೆಂಟ್ ವಯಸ್ಸು ತಿದ್ದಿಸುತ್ತಾನೆ, ಪ್ರವಾಸಿ ವೀಸಾ ಕೈಗಿಡುತ್ತಾನೆ. ಹಾಗೆ ಹೋದವಳು ಅಲ್ಲಿ ಏನೇ ಆದರೂ ಪೊಲೀಸರ ಬಳಿ ಹೋಗಲು ಹೆದರುತ್ತಾಳೆ, ಏಕೆಂದರೆ ಕಾಗದದ ಮೇಲೆ ಮೊದಲ ತಪ್ಪು ಅವಳದ್ದೇ ಎಂಬಂತೆ ಕಾಣುತ್ತದೆ.

ಮೂಡಿಸನ್ ಚಿತ್ರದ ಒಂದು ಭಾಗದ ಮುಂದೆ ನಮ್ಮ ಚಿತ್ರದವರು, ಟಿವಿಯವರು ಪಾಠಕ್ಕೆ ಕೂರಬೇಕು. ಅಲ್ಲಿ ಕ್ಯಾಮೆರಾ ಹುಡುಗಿ ಮಲಗಿರುವ ಜಾಗದಲ್ಲಿದೆ. ನಮಗೆ ಕಾಣುವುದು ಅವಳ ಮೈ ಅಲ್ಲ, ಮೇಲೆ ಬಾಗಿದ ಗಂಡಸರ ಮುಖ. ಒಬ್ಬನಾದ ಮೇಲೆ ಒಬ್ಬ, ಸಾಮಾನ್ಯ ಮುಖಗಳು, ಬೆಳಿಗ್ಗೆ ಆಫೀಸಿಗೆ ಹೋಗುವಂಥವರ ಮುಖಗಳು. ನೋಡುವವನಿಗೆ ಆಸೆ ಹುಟ್ಟಲು ಎಡೆಯೇ ಇಲ್ಲ. ನಮ್ಮಲ್ಲಿ ಬಲಿಪಶುವಿನ ಕಥೆ ಹೇಳುತ್ತೇವೆಂದು ಹೊರಟ ಎಷ್ಟೋ ಚಿತ್ರಗಳು, ರಾತ್ರಿಯ ಕ್ರೈಂ ಕಾರ್ಯಕ್ರಮಗಳು ಕ್ಯಾಮೆರಾವನ್ನು ಗಿರಾಕಿ ನಿಂತ ಕಡೆಯಲ್ಲೇ ನಿಲ್ಲಿಸುತ್ತವೆ. ಹರಿದ ರವಿಕೆ, ಕಣ್ಣೀರು, ಹಿನ್ನೆಲೆಯಲ್ಲಿ ಪಿಟೀಲು. ಕರುಣೆಯ ಹೆಸರಿನಲ್ಲಿ ಆ ಹುಡುಗಿಯನ್ನು ಇನ್ನೊಂದು ಸಲ ಮಾರುವ ಕೆಲಸ ಇದು. ನಾನು ಇದನ್ನು ಪಾಪ ಎಂದೇ ಕರೆಯುತ್ತೇನೆ.

ಆದರೂ ಲಿಲ್ಯಾಳ ಚಿತ್ರದ ಬಗ್ಗೆ ನನಗೊಂದು ತಕರಾರಿದೆ, ಅದು ನಮ್ಮ ಒಳ್ಳೆಯ ಚಿತ್ರಗಳ ಬಗ್ಗೆಯೂ ಇರುವ ತಕರಾರು. ಹುಡುಗಿ ಕೊನೆಗೆ ಸಾಯುತ್ತಾಳೆ. ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ 1969ರಲ್ಲಿ ಮಾಡಿದ ‘ಗೆಜ್ಜೆ ಪೂಜೆ’ಯ ಚಂದ್ರಾ ಕೂಡ ಸಾಯುತ್ತಾಳೆ. ಅವಳಿಗಾಗಿ ಅತ್ತ ತಾಯಂದಿರು ಎಷ್ಟು ಮಂದಿ! ಸತ್ತವಳಿಗೆ ಅಳುವುದು ಕಷ್ಟವಲ್ಲ. ಅವಳು ಮರುದಿನ ಪಡಿತರ ಅಂಗಡಿಯ ಸಾಲಿನಲ್ಲಿ ನಮ್ಮ ಹಿಂದೆ ಬಂದು ನಿಲ್ಲುವುದಿಲ್ಲ, ಮಗಳಿಗೆ ಗಂಡು ಕೇಳುವುದಿಲ್ಲ, ಅಂಗನವಾಡಿಯಲ್ಲಿ ಕೆಲಸ ಬೇಕು ಎನ್ನುವುದಿಲ್ಲ.

ಬದುಕಿದವಳ ಕಥೆಯನ್ನು ಹೇಳಲು ಹೊರಟವರೂ ಇದ್ದಾರೆ. ನಾಗೇಶ್ ಕುಕುನೂರ್ ಅವರ ‘ಲಕ್ಷ್ಮಿ’ (2014) ಆಂಧ್ರದ ನಿಜ ಘಟನೆಯಿಂದ ಹುಟ್ಟಿದ ಹಿಂದಿ ಚಿತ್ರ. ಹದಿನಾಲ್ಕರ ಹುಡುಗಿ ಕೋರ್ಟಿನ ಕಟಕಟೆಯಲ್ಲಿ ನಿಂತು ತನ್ನನ್ನು ಮಾರಿದವರ ವಿರುದ್ಧ ಸಾಕ್ಷಿ ಹೇಳುತ್ತಾಳೆ. ಹೈದರಾಬಾದಿನ ಪ್ರಜ್ವಲಾ ಸಂಸ್ಥೆಯ ಸುನೀತಾ ಕೃಷ್ಣನ್ ನಿರ್ಮಿಸಿ, ರಾಜೇಶ್ ಟಚ್‌ರಿವರ್ ನಿರ್ದೇಶಿಸಿದ ‘ನಾ ಬಂಗಾರು ತಲ್ಲಿ’ 2013ರ ಸಾಲಿನ ಅತ್ಯುತ್ತಮ ತೆಲುಗು ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಅದರಲ್ಲಿ ಈ ವ್ಯಾಪಾರದವನು ಪರದೇಶಿಯಲ್ಲ, ಮಗಳು ದೇವರೆಂದು ನಂಬಿದ ತಂದೆ. ಆ ಧೈರ್ಯಕ್ಕೆ ನಮಸ್ಕಾರ. ಆದರೆ ‘ಲಕ್ಷ್ಮಿ’ಯ ಕೋರ್ಟಿನ ಬಾಗಿಲಾಚೆ ಏನಾಗುತ್ತದೆಂದು ನಮ್ಮ ಹಳ್ಳಿಗಳು ನೋಡಿವೆ.

ಪುಣೆಯಿಂದಲೋ ದೆಹಲಿಯಿಂದಲೋ ಬಿಡಿಸಿ ತಂದ ಹೆಂಗಸು ಊರಿಗೆ ಇಳಿಯುತ್ತಾಳೆ. ಮೊಕದ್ದಮೆ ಅಲ್ಲಿನ ಕೋರ್ಟಿನಲ್ಲಿ. ಪ್ರತಿ ವಾಯಿದೆಗೂ ಕೂಲಿ ಬಿಟ್ಟು, ಸಾಲ ಮಾಡಿ, ಎರಡು ರಾತ್ರಿ ರೈಲಿನಲ್ಲಿ ಕೂರಬೇಕು. ಅವಳನ್ನು ಕರೆದೊಯ್ದಿದ್ದ ಹೆಂಗಸು ಜಾಮೀನಿನ ಮೇಲೆ ಅದೇ ಬೀದಿಯಲ್ಲಿ ಓಡಾಡುತ್ತಿರುತ್ತಾಳೆ. ಮನೆಯವರಿಗೆ ಇವಳ ಕೈಯ ದುಡ್ಡು ಬೇಕು, ಇವಳು ಜಾತ್ರೆಗೆ ಬರುವುದು ಬೇಡ. ಇನ್ನು ಊರವರ ಮಾತು: “ಇಷ್ಟವಿಲ್ಲದೆ ಹೋದಳಾ? ಅಲ್ಲಿ ಅಷ್ಟು ವರ್ಷ ಯಾಕಿದ್ದಳು?” ಸಿನಿಮಾದ ಹುಡುಗಿಯ ಹಾಗೆ ಇವಳು ಅಳುವುದಿಲ್ಲ, ತಲೆ ತಗ್ಗಿಸುವುದಿಲ್ಲ, ಎದುರು ಮಾತಾಡುತ್ತಾಳೆ, ತುಟಿಗೆ ಬಣ್ಣ ಹಚ್ಚುತ್ತಾಳೆ. ಪರದೆಯ ಮೇಲೆ ಬಲಿಪಶುವನ್ನು ನೋಡಿ ನೋಡಿ ನಮ್ಮ ತಲೆಯಲ್ಲಿ ಒಂದು ಅಚ್ಚು ಕೂತಿದೆ, ಅದಕ್ಕೆ ಹೊಂದದವಳು ಅಪರಾಧಿ.

ಕಾನೂನು ಈ ವಿಷಯದಲ್ಲಿ ನಮಗಿಂತ ನ್ಯಾಯವಾಗಿದೆ. 2013ರಲ್ಲಿ ತಿದ್ದಿದ ದಂಡಸಂಹಿತೆಯ 370ನೇ ಕಲಂ, ಈಗ ಭಾರತೀಯ ನ್ಯಾಯ ಸಂಹಿತೆಯ 143, ಸಾಗಣೆಯ ಅಪರಾಧವನ್ನು ನಿರ್ಧರಿಸುವಾಗ ಹೋದವಳ ಒಪ್ಪಿಗೆ ಗಣನೆಗೇ ಬರುವುದಿಲ್ಲ ಎನ್ನುತ್ತದೆ. ಆಸೆ ತೋರಿಸಿ, ಮೋಸ ಮಾಡಿ ಶೋಷಣೆಗೆ ಕರೆದೊಯ್ದದ್ದೇ ಅಪರಾಧ. ಸಾಗಿಸಿ ತಂದವಳೆಂದು ಗೊತ್ತಿದ್ದೂ ಅವಳನ್ನು ಬಳಸಿಕೊಂಡವನಿಗೂ ಶಿಕ್ಷೆಯಿದೆ. ಪರಿಹಾರದ ಹಣಕ್ಕೂ ದಾರಿಯಿದೆ. ಸಮಗ್ರ ಕಾಯ್ದೆಯೊಂದು ಮಾತ್ರ ಇನ್ನೂ ಬಂದಿಲ್ಲ. 2018ರಲ್ಲಿ ಲೋಕಸಭೆ ಒಪ್ಪಿದ ಮಸೂದೆ ರಾಜ್ಯಸಭೆ ದಾಟದೆ ಮರುವರ್ಷ ಬಿದ್ದುಹೋಯಿತು. ಆಂಧ್ರದಲ್ಲಿ ಹೀಗೆ ಬದುಕಿ ಬಂದ ಹೆಂಗಸರು ‘ವಿಮುಕ್ತಿ’ ಎಂಬ ಸಂಘಟನೆ ಕಟ್ಟಿಕೊಂಡು ತಮ್ಮ ಹಕ್ಕನ್ನು ತಾವೇ ಕೇಳುತ್ತಿದ್ದಾರೆ. ಅವರು ಕೇಳುವುದು ಕಣ್ಣೀರನ್ನಲ್ಲ.

ಇದನ್ನು ಓದುತ್ತಿರುವ ಅಕ್ಕ, ಅಣ್ಣಂದಿರಲ್ಲಿ ನನ್ನ ಬಿನ್ನಹ. ನಿಮ್ಮ ಬೀದಿಗೆ ಇಂಥವಳೊಬ್ಬಳು ಮರಳಿ ಬಂದರೆ ಅವಳ ಕಥೆ ಕೇಳಬೇಡಿ, ಕೆಲಸ ಕೇಳಿ ಬಂದರೆ ಕೊಡಿ. ಕೋರ್ಟಿಗೆ ಹೋಗುವ ದಿನ ಒಬ್ಬರಾದರೂ ಜೊತೆಗೆ ಹೋಗಿ. ವಕೀಲರಿಗೆ ಕೊಡಲು ದುಡ್ಡಿಲ್ಲವೆಂದರೆ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ತೋರಿಸಿ, ಹೆಂಗಸರಿಗೆ ಅಲ್ಲಿ ನೆರವು ಉಚಿತ. ಮುಂಗಡ ಹಿಡಿದುಕೊಂಡು ಯಾರಾದರೂ ಪಕ್ಕದ ಮನೆಯ ಜಗುಲಿಯಲ್ಲಿ ಕೂತಿದ್ದರೆ ಸುಮ್ಮನಿರಬೇಡಿ. ಹುಡುಗಿ ಚಿಕ್ಕವಳಾದರೆ 1098, ಹೆಂಗಸಾದರೆ 181. ಎರಡೂ ಕರೆಗೆ ಕಾಸಿಲ್ಲ.