ವಿಷ ಇರುವುದೆಲ್ಲಿ?

ಮುಂಗಾರು ಕೈಕೊಟ್ಟ ವರ್ಷ ಗದಗ ಸೀಮೆಯ ಹಿರೇಹಂದಿಗೋಳದಂಥ ಊರಿನ ಎರಿ ಹೊಲದಲ್ಲಿ ಮೊಣಕಾಲೆತ್ತರದ ಜೋಳ ಬಾಡಿ ನಿಂತಿದ್ದರೆ, ತಿಳಿದವರು ದನಗಳನ್ನು ಅದರತ್ತ ಬಿಡುವುದಿಲ್ಲ. ತೆನೆ ಬಲಿತ ಮೇಲೆ ಕೊಯ್ದು ಒಣಗಿಸಿದ ಕಣಿಕೆಯನ್ನು ಅವೇ ದನಗಳು ವರ್ಷವಿಡೀ ತಿಂದು ಬದುಕುತ್ತವೆ. ನೀರಿಲ್ಲದೆ ಸೊರಗಿದ ಎಳೆ ಜೋಳಕ್ಕೆ ಬಾಯಿ ಹಾಕಿದರೆ ಮಾತ್ರ ಏದುಸಿರು, ತೂರಾಟ. ಡಾಕ್ಟರು ಬಂದು ಥಯೋಸಲ್ಫೇಟ್ ಇಂಜೆಕ್ಷನ್ ಕೊಡುವಷ್ಟರಲ್ಲಿ ಸತ್ತರೂ ಸತ್ತವೇ. ಬರಕ್ಕೆ ಜೋಳ ವಿಷವಾಗುತ್ತದೆ ಎನ್ನುತ್ತೇವೆ. ಆದರೆ ಆ ವಿಷ ಇರುವುದೆಲ್ಲಿ?

ಎಲೆಯಲ್ಲಿರುವುದು ಧುರಿನ್. 1902ರಲ್ಲೇ ರಸಾಯನಶಾಸ್ತ್ರಜ್ಞರು ಇದನ್ನು ಗುರುತಿಸಿದ್ದರು. ಇದರಲ್ಲಿ ಸಯನೈಡಿನ ಭಾಗ ಸಕ್ಕರೆಯ ಜೊತೆ ಬಿಗಿದುಕೊಂಡಿರುತ್ತದೆ. ಅದನ್ನು ಬಿಡಿಸುವ ಕಿಣ್ವವೂ ಅದೇ ಎಲೆಯಲ್ಲಿದೆ, ಆದರೆ ಬೇರೆ ಜಾಗದಲ್ಲಿ. ಎಲೆ ಇಡಿಯಾಗಿರುವವರೆಗೆ ಎರಡೂ ಭೇಟಿಯಾಗುವುದಿಲ್ಲ. ದನ ಜಗಿದಾಗ ಕೋಶಗಳು ಒಡೆಯುತ್ತವೆ, ಎರಡೂ ಬೆರೆಯುತ್ತವೆ, ಆಗ ಸಯನೈಡ್ ಹೊರಬೀಳುತ್ತದೆ. ಅಂದರೆ ನಿಂತ ಬೆಳೆಯಲ್ಲಿ ವಿಷವಿಲ್ಲ, ದನದಲ್ಲೂ ಇಲ್ಲ. ಹಲ್ಲಿಗೆ ಎಲೆ ಸಿಕ್ಕ ಗಳಿಗೆಯಲ್ಲಿ ಅದು ಹುಟ್ಟುತ್ತದೆ.

ಇದು ಮಾತಿನ ಚಮತ್ಕಾರ, ಮೇಯುವವರಿಂದ ಪಾರಾಗಲೆಂದೇ ಗಿಡ ಈ ಆಯುಧವನ್ನು ಬೆಳೆಸಿಕೊಂಡಿದೆ ಎಂದು ಯಾರಾದರೂ ಅನ್ನಬಹುದು. ಅರ್ಧ ಒಪ್ಪುತ್ತೇನೆ. ಆದರೆ ಧುರಿನ್ ಹೆಚ್ಚುವುದು ಬರದಲ್ಲಿ; ಬರಕ್ಕೂ ದನಕ್ಕೂ ಏನು ಸಂಬಂಧ? ಮಳೆ ಹೋದಾಗ ಆಯುಧವನ್ನೇಕೆ ಹೆಚ್ಚಿಸಬೇಕು? ಧುರಿನ್‌ನಲ್ಲಿ ಸಾರಜನಕವಿದೆ. ಸಯನೈಡನ್ನು ಹೊರಬಿಡದೆಯೇ ಧುರಿನ್ ಅನ್ನು ಕರಗಿಸಿ ಸಾರಜನಕವನ್ನು ಮರಳಿ ಬಳಸಿಕೊಳ್ಳುವ ದಾರಿ ಗಿಡಕ್ಕೆ ಗೊತ್ತು. ಧುರಿನ್ ಇಲ್ಲದ ಜೋಳವೊಂದನ್ನು ಆಸ್ಟ್ರೇಲಿಯಾದ ಸಂಶೋಧಕರು 2012ರಲ್ಲಿ ವರದಿ ಮಾಡಿದರು. ಅದರ ಸಸಿಗಳು ಮೊದಮೊದಲು ನಿಧಾನವಾಗಿ ಬೆಳೆದವು. ನಾವು ಆಯುಧವೆಂದು ಕರೆದದ್ದು ಗಿಡಕ್ಕೆ ಹಗೇವೂ ಇರಬಹುದು.

ಅದೇ ಹೊಲಕ್ಕೆ ಹಿಂಗಾರಿಯಲ್ಲಿ ಕಡಲೆ ಬರುತ್ತದೆ. ಅದರ ಎಲೆಯ ಸಣ್ಣ ರೋಮಗಳಿಂದ ಮ್ಯಾಲಿಕ್, ಆಕ್ಸಾಲಿಕ್ ಆಮ್ಲ ಜಿನುಗುತ್ತದೆ; ಕಾಯಿಕೊರಕ ಹುಳುವಿನ ಬೆಳವಣಿಗೆಗೆ ಅದರಿಂದ ತೊಡಕು. ನಮ್ಮವರು ನಸುಕಿನಲ್ಲಿ ಇಬ್ಬನಿ ಹಿಡಿದ ಗಿಡಗಳ ಮೇಲೆ ತೆಳ್ಳನೆ ಬಿಳಿ ಬಟ್ಟೆ ಎಳೆದು, ಹಿಂಡಿ, ಕಡಲೆ ಹುಳಿ ಎಂದು ಶೀಸೆಯಲ್ಲಿಟ್ಟು ಹೊಟ್ಟೆನೋವಿಗೆ ಕುಡಿಯುತ್ತಾರೆ. ಹುಳುವಿಗೆ ಕಾಟ, ನಮಗೆ ಮದ್ದು. ನಮ್ಮ ಹೊಟ್ಟೆಯ ಗೊಡವೆ ಕಡಲೆಗೆ ಯಾಕೆ?

ಇದೇ ಕಾರಣಕ್ಕೆ ನಮ್ಮ ಸೀಮೆಯ ಕಪ್ಪತಗುಡ್ಡವನ್ನು ಔಷಧಿ ಸಸ್ಯಗಳ ಭಂಡಾರವೆಂದು ಹೊಗಳುವಾಗ ನನಗೆ ಕಸಿವಿಸಿ. 2019ರಲ್ಲಿ ಅದು ವನ್ಯಜೀವಿಧಾಮವಾದದ್ದು ಒಳ್ಳೆಯದಾಯಿತು. ಆದರೆ ಉಪಯೋಗದ ವಾದ ಗೆದ್ದಷ್ಟೂ ಉಪಯೋಗ ಕಾಣದ ಗಿಡ ಸೋಲುತ್ತದೆ. ಜೊತೆಗೆ ಆ ಸಸ್ಯಗಳ ಔಷಧಿ ಸತ್ವ ಬಿಸಿಲು, ಕಲ್ಲುನೆಲ, ಮಳೆಯ ಅಭಾವ, ಮೇಯುವ ಬಾಯಿ ಇವುಗಳ ನಡುವೆ ಹುಟ್ಟಿದ್ದು. ಗಿಡವನ್ನು ಕಿತ್ತು ತಂದು ಹನಿ ನೀರಾವರಿಯಲ್ಲಿ ಸಾಕಿದರೆ ಎಲೆ ದೊಡ್ಡದಾದೀತು. ಬೇರಿನಲ್ಲಿ ಅದೇ ಸತ್ವ ಅಷ್ಟೇ ಇದ್ದೀತೆಂದು ನಂಬಲು ಕಾರಣವಿಲ್ಲ.